ಊರಿನ ಹೆಸರಲ್ಲಿ ಹುಡುಕಿದ ಇಂಗ್ಲಿಷು

ಹೋದ ತಿಂಗಳು ಹಲ್ಲು ಕೀಳಿಸಲು ಹೋಗಿದ್ದೆ. ಡಾಕ್ಟರು ದವಡೆಗೆ ಸೂಜಿ ಚುಚ್ಚಿ, ಮರಗಟ್ಟಲಿ ಎಂದು ಕಾಯುತ್ತಾ ಕೂತಿದ್ದರು. ಎದುರಿನ ಗೋಡೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಕ್ಸ್‌ಟ್ರಾಕ್ಷನ್’ ಎಂದು ಬರೆದಿತ್ತು. ವಯಸ್ಸಾದವಳು, ದೇವರ ಹೆಸರು ಹೇಳಿಕೊಂಡು ಸುಮ್ಮನೆ ಕೂರಬೇಕಿತ್ತು. ನಾನು ಕೂರಲಿಲ್ಲ. ಆ ಪದದ ಒಳಗಿಂದ ಮೊದಲು ಒಂದು ಕ್ಯಾಟ್ ಹೊರಬಂತು, ಹಿಂದೆಯೇ ರ‍್ಯಾಟ್, ಆಮೇಲೆ ಒಂದು ಕೋಟು, ರೇಷನ್ನು, ಆಕ್ಟರು. ಅಷ್ಟರಲ್ಲಿ ಡಾಕ್ಟರು ‘ಈಗ ನೋವಿದೆಯಾಮ್ಮಾ?’ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ‘ಟ್ಯಾಕ್ಸಿ’. ಆ ಸಜ್ಜನರು ನನ್ನ ಕೈ ತಟ್ಟಿ, ಹಲ್ಲು ಕಿತ್ತಾದ ಮೇಲೆ ಹೋಗುವಿರಂತೆ, ಸ್ವಲ್ಪ ಧೈರ್ಯ ತಂದುಕೊಳ್ಳಿ ಎಂದರು.

ಇದೊಂದು ಹಳೆಯ ಕಾಯಿಲೆ. ಬಸ್ಸಿನ ಹಿಂಭಾಗ, ಔಷಧಿ ಡಬ್ಬಿ, ಛತ್ರದ ಬೋರ್ಡು, ಯಾವುದಾದರೂ ಸರಿ, ಎರಡು ಗೇಣುದ್ದದ ಇಂಗ್ಲಿಷ್ ಪದ ಕಂಡರೆ ಅದನ್ನು ಬಿಚ್ಚಿ ಅದರ ಅಕ್ಷರಗಳಲ್ಲೇ ಬೇರೆ ಪದ ಕಟ್ಟದೆ ನನಗೆ ಸಮಾಧಾನವಿಲ್ಲ. ಮಕ್ಕಳು ನಗುತ್ತಾರೆ. ಈ ಕಾಯಿಲೆ ನನಗೆ ಅಂಟಿದ್ದು ಐವತ್ತರ ದಶಕದ ಕೊನೆಯಲ್ಲಿ, ಹೊಳೆನರಸೀಪುರದ ನಮ್ಮ ಮನೆಯ ನಡುಮನೆಯಲ್ಲಿ, ಅದೂ ನಮ್ಮಕ್ಕನ ಮದುವೆ ಮಾತುಕತೆಯ ನೆವದಲ್ಲಿ ಎಂದರೆ ನೀವು ನಂಬುವುದು ಕಷ್ಟ.

ಶಾರದಕ್ಕ ಆ ವರ್ಷ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು, ಹೈಸ್ಕೂಲಿಗೆ ಆಗಷ್ಟೇ ಸೇರಿದ್ದೆ. ಅಕ್ಕನಿಗೆ ಹಾಸನದ ಕಾಲೇಜಿಗೆ ಸೇರಬೇಕೆಂಬ ಆಸೆ. ಹಾಸನದಲ್ಲಿ ಸೋದರತ್ತೆಯ ಮನೆಯಿತ್ತು, ಊರಿಂದ ರೈಲಿತ್ತು, ಇಲ್ಲದ್ದು ಅಪ್ಪನ ಒಪ್ಪಿಗೆ ಮಾತ್ರ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಬೇಡ ಎಂದು ಬಾಯಿಬಿಟ್ಟು ಹೇಳುವ ಜಾಯಮಾನದವರಲ್ಲ, ಕಚೇರಿಯಲ್ಲಿ ಅರ್ಜಿಗಳನ್ನು ಮುಂದಕ್ಕೆ ಹಾಕುವ ಹಾಗೆ ಮನೆಯಲ್ಲೂ ಮುಂದಕ್ಕೆ ಹಾಕುತ್ತಿದ್ದರು. ಮೊದಲು ಮದುವೆಯಾಗಲಿ, ಆಮೇಲೆ ಗಂಡನ ಮನೆಯವರು ಓದಿಸಿದರೆ ಓದಲಿ ಎನ್ನುವುದು ಅವರ ತೀರ್ಮಾನ. ಹೀಗೆ ಅಕ್ಕನ ಕಾಲೇಜು ಯಾವುದೋ ಊರಿನ ಯಾರೋ ಮಾವನವರ ಕೈಗೆ ಹೋಗಿ ಕೂತಿತು. ಅವರು ಯಾರೆನ್ನುವುದು ಮಾತ್ರ ಗೊತ್ತಾಗಬೇಕಿತ್ತು.

ಗೊತ್ತು ಮಾಡಿಕೊಟ್ಟವನು ಅಮ್ಮನ ತಮ್ಮ ವೆಂಕಟೇಶ ಮಾವ. ಅರಕಲಗೂಡಿನಲ್ಲಿ ಜವಳಿ ಅಂಗಡಿಯಿಟ್ಟುಕೊಂಡು, ಬಟ್ಟೆಗಿಂತ ಹೆಚ್ಚಾಗಿ ಜಾತಕಗಳನ್ನು ಬಿಚ್ಚಿ ತೋರಿಸುತ್ತಿದ್ದವನು. ಅವನು ತಂದ ಸಂಬಂಧ ಚನ್ನರಾಯಪಟ್ಟಣದ್ದು. ಹುಡುಗ ಕೇಶವ, ಹಳ್ಳಿಗಳಿಗೆ ಕರೆಂಟಿನ ತಂತಿ ಎಳೆಸುವ ಓವರ್‌ಸಿಯರ್. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಅಪ್ಪ ಸೀತಾರಾಮಯ್ಯನವರು ಹೈಸ್ಕೂಲಿನ ಹೆಡ್ಮಾಸ್ಟರಾಗಿ ನಿವೃತ್ತರಾದವರು. ಒಳ್ಳೆಯ ಜನ, ಕೆಟ್ಟ ಚಾಳಿ ಒಂದೂ ಇಲ್ಲ, ಆದರೆ ಎಂದು ವೆಂಕಟೇಶ ಮಾವ ಕಾಫಿ ಲೋಟ ಕೆಳಗಿಟ್ಟ.

ಆ ಆದರೆಯ ವಿವರ ಹೀಗಿತ್ತು. ಹೆಡ್ಮಾಸ್ಟರಿಗೆ ಎಲ್ಲಿ ಯಾರು ಸಿಕ್ಕಿದರೂ ಒಂದು ಉದ್ದದ ಇಂಗ್ಲಿಷ್ ಪದ ಕೊಟ್ಟು, ಅದರ ಅಕ್ಷರಗಳಿಂದ ಬೇರೆ ಪದ ಹುಡುಕಿ ಎನ್ನುವ ಗೀಳು. ಇದ್ದ ಅಕ್ಷರವನ್ನು ಇದ್ದಷ್ಟು ಸಲ ಮಾತ್ರ ಬಳಸಬೇಕು, ಇಲ್ಲದ್ದನ್ನು ಹೊರಗಿನಿಂದ ತರುವ ಹಾಗಿಲ್ಲ. ಕೋಟಿನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣ. ಶಾಲೆ ಬಿಟ್ಟ ಮೇಲೆ ಊರೆಲ್ಲ ಅವರಿಗೆ ಶಾಲೆಯಾಗಿತ್ತು. ಕ್ಷೌರದವನು ಅವರನ್ನು ಕಂಡರೆ ಕತ್ತರಿ ಮಸೆಯಲು ಒಳಗೆ ಹೋಗುತ್ತಿದ್ದ. ಶ್ರವಣಬೆಳಗೊಳದ ಬಸ್ಸಿನ ಕಂಡಕ್ಟರು, ‘ಇವತ್ತೊಂದಿನ ಬ್ಯಾಡ ಸಾ, ಮೊದ್ಲು ಎಲ್ಲಾರ್ಗೂ ಟಿಕೀಟ್ ಅರ್ದ್ಬುಡ್ತೀನಿ’ ಎಂದು ಕೈಮುಗಿಯುತ್ತಿದ್ದನಂತೆ. ಹೆಣ್ಣು ನೋಡಲು ಹೋದರೂ ಅದೇ. ಅರಕಲಗೂಡಿನಲ್ಲಿ ಒಂದು ಹುಡುಗಿ ಸೊಗಸಾಗಿ ಹಾಡಿದಳು. ಇವರು ತಲೆದೂಗಿ, ಸಂಗೀತ ಸಂತೋಷವಾಯಿತು, ಈಗ ‘ಇಂಡಿಪೆಂಡೆನ್ಸ್’ ತೆಗೆದುಕೊಳ್ಳಮ್ಮ ಎಂದರು. ಹುಡುಗಿ ಪೆನ್ ಎಂದಳು, ಡೆನ್ ಎಂದಳು, ಆಮೇಲೆ ಅಡುಗೆಮನೆಗೆ ಓಡಿದವಳು ಹೊರಗೆ ಬರಲೇ ಇಲ್ಲ. ಉಪ್ಪಿಟ್ಟು ಮಾತ್ರ ಬಂತು.

ಅಮ್ಮ ಇಂಥ ಮನೆ ಬೇಡವೇ ಬೇಡ ಎಂದಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಸೊಸೆಗೆ ಹುಳಿ ಕೂಡಿಸಲು ಬರುತ್ತದೆಯೇ ಎಂದು ಕೇಳುವ ಕಾಲ ಹೋಯಿತೇ ಎಂದು ನಿಟ್ಟುಸಿರುಬಿಟ್ಟಳು. ಶಾರದಕ್ಕ ಮಾತ್ರ ರಾತ್ರಿ ಹಾಸಿಗೆಯಲ್ಲಿ ನನ್ನ ಕಡೆ ತಿರುಗಿ, ‘ಪದ್ದೀ, ಇಂಗ್ಲಿಷ್ ಅಂದ್ರೆ ಇಷ್ಟು ಪ್ರಾಣ ಬಿಡೋರು ಸೊಸೇನ ಓದ್ಸದೇ ಇರ್ತಾರೇನೇ?’ ಎಂದಳು. ಮಾರನೆಯ ಬೆಳಿಗ್ಗೆಯೇ ತಾಲೀಮು ಶುರುವಾಯಿತು.

ಸ್ಲೇಟಿನಲ್ಲಿ ಬರೆದು ಒರೆಸಿ ಸಾಕಾಯಿತು. ಕೊನೆಗೆ ಚೌಕಾಬಾರದ ಹುಣಸೆಬೀಜಗಳು ಕೆಲಸಕ್ಕೆ ಬಂದವು. ಬೀಜದ ಒಂದು ಮೈ ಕಲ್ಲಿಗೆ ತೇದರೆ ಬೆಳ್ಳಗಾಗುತ್ತದಲ್ಲ, ಆ ಬಿಳಿಯ ಮೇಲೆ ಮಸಿಯಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆದೆವು. ನಡುಮನೆಯ ನೆಲದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಎಳೆದು, ಸರಿಸಿ, ಪದ ಕಟ್ಟುವುದು. ಉದ್ದದ ಇಂಗ್ಲಿಷ್ ಪದಗಳು ನಮಗೆ ಎಷ್ಟು ಗೊತ್ತಿದ್ದಾವು? ಇದ್ದ ಹತ್ತೋ ಹನ್ನೆರಡೋ ಮೂರೇ ದಿನಕ್ಕೆ ಖರ್ಚಾದವು. ಆಮೇಲೆ ಸುತ್ತಮುತ್ತಲ ಊರುಗಳ ಹೆಸರು ಹಿಡಿದೆವು. ನಮ್ಮ ಕಡೆಯ ಊರುಗಳನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ, ಎ ಅಕ್ಷರ ಎಷ್ಟಿದ್ದರೂ ಸಾಲದು. ಚನ್ನರಾಯಪಟ್ಟಣಕ್ಕಂತೂ ಬೇರೆ ಸ್ವರವೇ ಬೇಡ. ಅಮ್ಮ ದಿನಾ ಸಾರಿಗೆ ಹಿಂಡಿದ ಹುಣಸೆಹಣ್ಣಿನ ಬೀಜ ತೊಳೆದಿಟ್ಟು, ‘ತಗೊಳ್ರೇ, ನಿಮ್ಮ ಎ’ ಎಂದು ಕೊಡುತ್ತಿದ್ದಳು.

ಮೊದಲು ನಮ್ಮೂರನ್ನೇ ಬಿಚ್ಚಿದೆವು. ಹೊಳೆನರಸೀಪುರದೊಳಗೆ ಏನಿತ್ತು ಅಂತೀರಿ. ಹೌಸ್ ಇತ್ತು, ಹಾರ್ಸ್ ಇತ್ತು, ಸನ್ ಇತ್ತು, ರೇನ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಲಯನ್ ಇತ್ತು. ನರಸಿಂಹಸ್ವಾಮಿಯ ಊರಿನೊಳಗೆ ಇಂಗ್ಲಿಷಿನಲ್ಲೂ ಒಂದು ಸಿಂಹ ಕೂತಿದೆ ಎಂದು ತಿಳಿದ ಮೇಲೆ ಅಜ್ಜಿಗೆ ಆ ಭಾಷೆಯ ಬಗ್ಗೆ ಗೌರವ ಬಂತು. ಅಂದಿನಿಂದ ಅವಳೂ ಗೋಡೆಗೆ ಒರಗಿ ಕೂತು ಆಟ ನೋಡತೊಡಗಿದಳು. ನನ್ನ ತವರೂ ಅರಕಲಗೂಡೇ, ಅದರಲ್ಲೇನಿದೆ ನೋಡಿ ಎಂದು ಅದನ್ನೂ ಬಿಚ್ಚಿಸಿದಳು. ಅದರಲ್ಲಿ ನನಗೆ ಮೊದಲು ಸಿಕ್ಕಿದ್ದು ಡಾರ್ಕ್. ಕತ್ತಲೆ ಅಜ್ಜಿ ಎಂದೆ. ಅಜ್ಜಿಯ ಮುಖ ಬಾಡಿತು. ಶಾರದಕ್ಕ ನನ್ನ ತೊಡೆ ಚಿವುಟಿ, ಒಂದು ಹಾಡುವ ಹಕ್ಕಿ ಕೂಡಾ ಇದೆ ಅಜ್ಜಿ ಎಂದು ಲಾರ್ಕ್ ಜೋಡಿಸಿ ತೋರಿಸಿದಳು. ಹಾಸನದ್ದು ಮಾತ್ರ ಬಡ ಸಂಸಾರ. ಜಿಲ್ಲೆಯ ಮುಖ್ಯ ಪಟ್ಟಣ ಎಂದು ಹೆಸರೇ ಹೊರತು, ಎಷ್ಟು ಕೆದಕಿದರೂ ಒಂದು ಹಿಡಿ ಆಷ್, ಅಂದರೆ ಬೂದಿ. ಥೂ, ಅದರಲ್ಲಿ ಏನೂ ಇಲ್ಲ ಎಂದು ನಾನು ಬೀಜ ಚೆಲ್ಲಿದರೆ, ‘ಕಾಲೇಜಿದೆ ಕಣೇ’ ಎನ್ನುತ್ತಿದ್ದಳು ಅಕ್ಕ.

ಸಂಜೆ ಕಚೇರಿಯಿಂದ ಬಂದ ಅಪ್ಪ ತೀರ್ಪುಗಾರರು. ಅವರ ಇಂಗ್ಲಿಷು ಸರ್ಕಾರಿ ಕಾಗದಗಳದ್ದು, ವಿನಮ್ರವಾಗಿ ಶುರುವಾಗಿ ವಿನಮ್ರವಾಗಿ ಮುಗಿಯುವಂಥದ್ದು. ನಡುವಿನ ಸಣ್ಣಪುಟ್ಟ ಪದಗಳ ಜತೆ ಅವರಿಗೆ ಅಷ್ಟು ಬಳಕೆಯಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಶಿರಸ್ತೇದಾರರಿಗೆ ಶೋಭೆಯಲ್ಲ. ನಾವು ಕಟ್ಟಿದ ಯಾವ ಪದ ತೋರಿಸಿದರೂ ಕನ್ನಡಕ ಸರಿಮಾಡಿಕೊಂಡು, ‘ಇದು ನಮ್ಮ ಕಚೇರೀಲೂ ಬರುತ್ತೆ’ ಎನ್ನುತ್ತಿದ್ದರು. ಒಂದು ಸಲ ನಾನು ಬೇಕೆಂದೇ ಅರ್ಥವಿಲ್ಲದ ಒಂದು ಪದ ಕಟ್ಟಿ ತೋರಿಸಿದೆ. ಅದೂ ಕಚೇರಿಯಲ್ಲಿ ಬರುತ್ತಿತ್ತು.

ಒಂದು ತಿಂಗಳಲ್ಲಿ ಅಕ್ಕ ಎಷ್ಟು ಚುರುಕಾದಳೆಂದರೆ ಬೀಜಗಳು ಬೇಕಾಗುತ್ತಿರಲಿಲ್ಲ. ಹೂ ಕಟ್ಟುತ್ತಾ, ದೋಸೆ ತಿರುವುತ್ತಾ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಾ ಪದ ಉದುರಿಸುತ್ತಿದ್ದಳು. ಅಪ್ಪ ಹೆಮ್ಮೆ ತಡೆಯಲಾಗದೆ ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದರು. ಈ ಹೆಮ್ಮೆಯೇ ಮುಂದೆ ಎಡವಟ್ಟು ಮಾಡಿತು.

ಹೆಣ್ಣು ನೋಡಲು ಅವರು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಹೆಡ್ಮಾಸ್ಟರು, ಮಗ, ಜತೆಗೆ ವೆಂಕಟೇಶ ಮಾವ. ಹೆಡ್ಮಾಸ್ಟರು ಎತ್ತರದ ಆಳು, ಮುಚ್ಚುಕೋಟು, ಜರಿ ಅಂಚಿನ ರುಮಾಲು. ಕೇಶವ ಬಿಸಿಲಿನಲ್ಲಿ ಕಪ್ಪಾಗಿದ್ದ. ದೊಡ್ಡ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂತ. ಅಕ್ಕ ಬಂದು ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತಳು, ನೆಲ ನೋಡುತ್ತಾ. ನಾನು, ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ.

ಹೆಡ್ಮಾಸ್ಟರು ಹಾಡು ಕೇಳಲಿಲ್ಲ, ಹೆಸರೂ ಕೇಳಲಿಲ್ಲ. ‘ಬರೋ ದಾರೀಲಿ ಶ್ರವಣಬೆಳಗೊಳದ ಕೈಕಂಬ ಕಾಣಿಸ್ತು. ಆ ಹೆಸರನ್ನೇ ತಗೊಳ್ಳಮ್ಮ’ ಎಂದರು. ಅಕ್ಕನ ಮುಂದೆ ಸ್ಲೇಟು ಬಂತು. ಅಲ್ಲಿಗೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಗ ಅಪ್ಪ, ಬೀಗರಾಗುವವರಿಗೆ ಮರ್ಯಾದೆ ಮಾಡಬೇಕೆಂದು, ಹೆಡ್ಮಾಸ್ಟರ ಮಗನೆಂದರೆ ಕೇಳಬೇಕೇ, ಹುಡುಗನಿಗೂ ಒಂದು ಸ್ಲೇಟು ಕೊಡೋಣ, ಇಬ್ಬರ ಜಾಣತನವನ್ನೂ ಕಣ್ತುಂಬ ನೋಡೋಣ ಎಂದುಬಿಟ್ಟರು. ಇದುವರೆಗೆ ಹೋದ ಕಡೆಯಲ್ಲೆಲ್ಲ ಸುಮ್ಮನೆ ಉಪ್ಪಿಟ್ಟು ತಿಂದು ಬಂದಿದ್ದ ಹುಡುಗ ತಲೆಯೆತ್ತಿ ತನ್ನಪ್ಪನನ್ನು ನೋಡಿದ. ಹೆಡ್ಮಾಸ್ಟರಿಗೆ ಬಹಳ ಖುಷಿಯಾಯಿತು. ನನ್ನ ಸ್ಲೇಟು ಅವನ ಕೈಗೆ ಹೋಯಿತು.

ಅಕ್ಕನ ಬಳಪ ನಿಲ್ಲಲಿಲ್ಲ. ಹೆಡ್ಮಾಸ್ಟರು ಹೊತ್ತು ನೋಡುತ್ತಿದ್ದ ಜೇಬುಗಡಿಯಾರ ಮುಚ್ಚಿ ಅವಳ ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಬೆಲ್, ಬಾಲ್, ರೋಸ್, ನೋಸ್, ಹಾರ್ಸ್, ಹೆನ್, ಲೆಗ್, ಏಂಜಲ್. ಬ್ಯಾಂಗಲ್ ಬಂದಾಗ ‘ಭೇಷ್’ ಎಂದರು. ಅಷ್ಟೂ ಪದಗಳನ್ನು ಓದಿ ಮುಗಿಸಿದಾಗ ಅಪ್ಪನ ಮುಖ ನೋಡಬೇಕಿತ್ತು. ಎಲ್ಲವೂ ಅವರ ಕಚೇರಿಯಲ್ಲೇ ಬರುವ ಪದಗಳು. ಇನ್ನೇನಾದರೂ ಉಳಿದಿದೆಯೇ ಎಂದು ಹೆಡ್ಮಾಸ್ಟರು ಸ್ಲೇಟಿನ ಹಿಂಬದಿ ತಿರುಗಿಸುತ್ತಿದ್ದರು. ಒಂದು ತಿಂಗಳಿಂದ ಅಕ್ಕ ಬಿಟ್ಟದ್ದನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತಲ್ಲ, ನಾಲಿಗೆ ನನ್ನ ಮಾತು ಕೇಳಲಿಲ್ಲ. ಬಾಗಿಲ ಹಿಂದಿನಿಂದ, ‘ಅಕ್ಕಾ, ಲವ್ ಬಿಟ್ಬಿಟ್ಟೆ ಕಣೇ’ ಎಂದೆ.

ಆ ಪದ ಆ ಕಾಲದಲ್ಲಿ ನಮ್ಮಂಥ ಮನೆಗಳ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ನಮಗೆ ಅದನ್ನು ಕಲಿಸಿದ್ದು ಹೈಸ್ಕೂಲಿನ ಹಿಂದಿನ ಗೋಡೆ. ಅಕ್ಕನಿಗೂ ಅದು ಕಂಡಿತ್ತು, ಬುದ್ಧಿಯಿದ್ದವಳು ಬರೆಯಲಿಲ್ಲ, ಅಷ್ಟೆ. ಅಮ್ಮ ನನ್ನ ರಟ್ಟೆ ಹಿಂಡಿದ ಗುರುತು ವಾರವಿತ್ತು. ಅಪ್ಪ ಸೂರು ನೋಡಿದರು, ಅಕ್ಕನ ಕತ್ತು ಕೆಂಪಾಯಿತು. ಹೆಡ್ಮಾಸ್ಟರು ಮಾತ್ರ ವಿಚಲಿತರಾಗಲಿಲ್ಲ. ಬೆರಳು ಮಡಿಸಿ, ಎಲ್ ಇದೆ, ಓ ಇದೆ, ವಿ ಇದೆ, ಇ ಇದೆ ಎಂದು ಲೆಕ್ಕ ಹಾಕಿ, ‘ಸರಿಯಾಗೇ ಇದೆ. ಒಪ್ಕೋಬೇಕು’ ಎಂದರು.

ಕೇಶವ ನಕ್ಕ. ತಡೆಯಲಾಗದೆ, ತಲೆ ಬಗ್ಗಿಸಿಕೊಂಡು, ಭುಜ ಕುಲುಕುವ ಹಾಗೆ ನಕ್ಕ. ಅವನ ಸ್ಲೇಟು ನೋಡಲು ಹೆಡ್ಮಾಸ್ಟರು ಕೈಚಾಚಿದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಮಾಷೆ ಸಾಕು, ಬರೆ ಎಂದರು ಅವರು.

‘ತಮಾಷೆ ಅಲ್ಲ ಅಪ್ಪ. ನಂಗಿದು ಬರಲ್ಲ. ಚಿಕ್ಕಂದಿನಿಂದ್ಲೂ ಬಂದಿಲ್ಲ’ ಎಂದ ಕೇಶವ. ನಗು ಇನ್ನೂ ಮುಖದ ಮೇಲಿತ್ತು, ದನಿ ಮಾತ್ರ ಬೇರೆಯಾಗಿತ್ತು. ‘ಮೊಸರನ್ನ ಬಡ್ಸೋಕೆ ಮುಂಚೆ ಪದ ಕೇಳ್ತಿದ್ರಿ. ಅದಕ್ಕೇ ಸಾರನ್ನಕ್ಕೇ ಎದ್ಬಿಡ್ತಿದ್ದೆ. ಹೊಟ್ಟೆ ತುಂಬಿತ್ತು ಅಂತಲ್ಲ.’

ಇಂಗ್ಲಿಷ್ ಬರುತ್ತದೆಂದು ಒಂದು ತಿಂಗಳಿಂದ ನಾಟಕವಾಡುತ್ತಿದ್ದ ನಮ್ಮ ನಡುಮನೆಯಲ್ಲಿ, ಬರುವುದಿಲ್ಲ ಎಂದು ಯಾರೋ ಒಬ್ಬರು ನೆಟ್ಟಗೆ ಹೇಳಿದ್ದು ಅದೇ ಮೊದಲು. ಆಗ ನಾನು ಎಂದೂ ನೋಡದಿದ್ದದ್ದನ್ನು ನೋಡಿದೆ. ಶಾರದಕ್ಕ ತಲೆಯೆತ್ತಿ ಆ ಹುಡುಗನ ಮುಖವನ್ನೇ ನೋಡಿದಳು. ಅಪ್ಪನ ಮುಂದೆ ತಿಂಗಳುಗಟ್ಟಲೆ ಬಾಯಿಗೆ ಬಂದು ವಾಪಸು ಹೋಗುತ್ತಿದ್ದ ಮಾತು ಅಲ್ಲಿ ಹೊರಗೆ ಬಂತು.

‘ನಂಗೆ ಇನ್ನೂ ಓದ್ಬೇಕು. ಹಾಸನದ ಕಾಲೇಜಿಗೆ ಸೇರ್ಬೇಕು’ ಎಂದಳು. ‘ಮದುವೆ ಆದ್ಮೇಲಲ್ಲ, ಮೊದ್ಲು. ಎರಡು ವರ್ಷ ಆಗುತ್ತೆ.’

ಕೇಶವ ಯೋಚಿಸಿದ. ಯೋಚಿಸಿಯೇ ಹೇಳಿದ. ‘ಸೇರ್ಕೊಳ್ಳಿ. ನಾನು ಕಾಯ್ತೀನಿ.’

ಹೆಡ್ಮಾಸ್ಟರು ಎದ್ದರು, ಕೊಡೆ ತೆಗೆದುಕೊಂಡರು, ಹೊರಟರು. ಹಿಂದೆಯೇ ಮಗ, ಅವನ ಹಿಂದೆ ತನ್ನ ಸಂಚಿಯ ಎಲೆಯಡಿಕೆ ಬಾಯಲ್ಲಿಟ್ಟುಕೊಂಡಿದ್ದ ವೆಂಕಟೇಶ ಮಾವ. ಕೇಸರಿಬಾತು ಬಾಣಲೆಯಲ್ಲೇ ಉಳಿಯಿತು, ತಾಂಬೂಲದ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ತಾಂಬೂಲ ಮುಟ್ಟದೆ ಹೋದರೆಂದರೆ ಮುಗಿಯಿತು, ಬೇರೆ ಕಾಗದ ಬರೆಯಬೇಕಿಲ್ಲ.

ಅಂದು ಸಂಜೆ ಅಪ್ಪ ಅಕ್ಕನೊಡನೆ ಮಾತಾಡಲಿಲ್ಲ. ನನ್ನೊಡನೆ ಮಾತಾಡಿದರು, ಆ ಮಾತುಗಳು ಇಲ್ಲಿ ಬೇಡ. ಸಂಬಂಧವೂ ಹೋಯಿತು, ಮಾನವೂ ಹೋಯಿತು, ಇನ್ನು ಕಾಲೇಜಿನ ಹೆಸರೆತ್ತಿದರೆ ನೋಡು ಎಂದು ಅಮ್ಮನ ಮೂಲಕ ಅಕ್ಕನಿಗೆ ಹೇಳಿಕಳಿಸಿದರು. ಅಕ್ಕ ಅಳುತ್ತಾಳೆಂದು ನಾನು ಕಾದೆ. ಅವಳು ಹಿತ್ತಿಲಿನ ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ‘ಹೇಳ್ಬಿಟ್ನಲ್ಲ, ಅಷ್ಟು ಸಾಕು’ ಎಂದಳು. ಸಾಕಾಗಿರಲಿಲ್ಲ, ಬಾಚಿದ ತಲೆಯನ್ನೇ ಮತ್ತೆ ಮತ್ತೆ ಬಾಚುತ್ತಿದ್ದಳು. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮಾರನೆಯ ದಿನ ಚನ್ನರಾಯಪಟ್ಟಣದ ಮೊದಲ ಬಸ್ಸಿಗೆ ಹೆಡ್ಮಾಸ್ಟರು ಒಬ್ಬರೇ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡು ಕ್ಷೌರಕ್ಕೆ ಕೂತಿದ್ದವರು ಹಾಗೇ ಎದ್ದರು. ಬೇಡ ಎನ್ನುವುದನ್ನು ಕಾಗದದಲ್ಲಿ ಬರೆಯದೆ ಖುದ್ದಾಗಿ ಹೇಳಲು ಬಂದ ದೊಡ್ಡ ಮನುಷ್ಯರು ಎಂದೇ ನಾವೆಲ್ಲ ತಿಳಿದದ್ದು. ಅಮ್ಮ ಕಾಫಿ ತಂದಿಟ್ಟಳು. ಅವರು ಕುಡಿಯದೆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು. ಒಂದೇ ರಾತ್ರಿಯಲ್ಲಿ ಬಹಳ ವಯಸ್ಸಾದವರ ಹಾಗೆ ಕಂಡರು.

ಅಪ್ಪ ಕೆನ್ನೆಯ ಸೋಪು ಒರೆಸಿಕೊಳ್ಳುತ್ತಾ, ಮಗಳ ಪರವಾಗಿ ಕ್ಷಮೆ ಕೇಳಿ, ಹುಡುಗ ಏನೆಂದ ಎಂದು ವಿಚಾರಿಸಿದರು.

‘ಏನಂದ ಅಂತ ಹೇಳ್ಲಿ ಶಿರಸ್ತೇದಾರ್ರೆ. ನಿಮ್ಮೂರು ಬಿಟ್ಟಾಗ ಶುರು ಮಾಡ್ದೋನು ನಮ್ಮೂರು ಬರೋವರೆಗೂ ಮಾತಾಡ್ತಾನೇ ಇದ್ದ. ದಾರೀಲಿ ಒಂದೊಂದು ಕಂಬಾನೂ ತೋರ್ಸಿದ. ಯಾವ ಕಂಬ ನೆಡೋವಾಗ ಯಾರು ಜಗಳಕ್ಕೆ ಬಂದ್ರು, ಯಾವ ಹಳ್ಳೀಲಿ ದೀಪ ಬಂದ ದಿನ ಒಬ್ಳು ಮುದುಕಿ ಬಲ್ಬಿಗೆ ಕುಂಕುಮ ಇಟ್ಳು, ಎಲ್ಲಾ ಹೇಳ್ದ.’ ಹೆಡ್ಮಾಸ್ಟರು ಲೋಟ ಕೆಳಗಿಟ್ಟರು. ‘ಇಷ್ಟು ವರ್ಷ ಇಬ್ರೇ ಒಂದು ಮನೇಲಿದ್ದೀವಿ. ಅವನು ಇಷ್ಟು ಮಾತಾಡ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.’

ಅಜ್ಜಿಯೇ ಧೈರ್ಯ ಮಾಡಿ, ಎರಡು ವರ್ಷದಲ್ಲಿ ಹುಡುಗನ ಮನಸ್ಸು ಬದಲಾದರೆ ನಮ್ಮ ಹುಡುಗಿಯ ಗತಿಯೇನು ಎಂದು ಕೇಳಿದಳು. ನಿಮ್ಮ ಹುಡುಗಿಯ ಮನಸ್ಸೂ ಬದಲಾಗಬಹುದಲ್ಲ ತಾಯಿ, ಆ ಭಯ ನಮಗೂ ಇದೆ ಎಂದರು ಅವರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ ಶಾರದಕ್ಕನನ್ನು ಕರೆದರು. ಅವಳು ಬಂದು ನಿಂತಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ, ಈ ಸಲ ನೆಲ ನೋಡದೆ.

‘ಹಾಸನಕ್ಕೆ ಹೋಗಿ ಓದ್ಕೊಂಡು ಬಾಮ್ಮ’ ಎಂದರು ಹೆಡ್ಮಾಸ್ಟರು. ‘ನಮಗೇನೂ ಅವಸರ ಇಲ್ಲ. ಅವನೂ ನಾನೂ ಮಾತಾಡ್ಕೊಳ್ಳೋದು ಬಹಳ ಉಳಿದಿದೆ.’